ಓತಿಕ್ಯಾತ ಬಿಸಿಲಲ್ಲಿ ಕೂತು ತಲೆಯಾಡಿಸುವುದೇಕೆ?

ಲೋಕ ಆಗಷ್ಟೇ ಬೆಲ್ಲದಚ್ಚಿನ ಹಾಗೆ ಮಣೆಯಿಂದ ಹೊರಬಿದ್ದಿತ್ತು. ಬೆಟ್ಟಗಳು ಇನ್ನೂ ಮೆತ್ತಗಿದ್ದವು. ಹೊಳೆಗಳು ಕಂಡಕಂಡವರನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು.

ಆಗ ಬಯಲಿನಲ್ಲಿ ಮಾಳವ್ವ ಎಂಬವಳೊಬ್ಬಳಿದ್ದಳು. ಬಿಸಿಲಿನಿಂದ ಬಂದವರನ್ನು ನೆರಳಲ್ಲಿ ಕೂರಿಸಬೇಕು, ತಣ್ಣನೆ ಮಜ್ಜಿಗೆ ಕೊಡಬೇಕು, ಏಳುತ್ತೇನೆಂದರೂ ಬಿಡಬಾರದು. ಇದು ಅವಳ ನೇಮ. ಬೇಡ ಅಂದವರಿಗೆ ಎರಡು ಲೋಟ!

ಒಂದು ದಿನ ಅವಳ ಹೊಸ್ತಿಲಿಗೆ ಓತಿಕ್ಯಾತ ಬಂದ. ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ. ನೋಡಿದ ಕೂಡಲೇ ಮಾಳವ್ವನಿಗೆ ಮುದ್ದು ಉಕ್ಕಿತು.

"ಅಯ್ಯೋ ನನ್ನ ಗಡ್ಡದ ರಾಜ, ಎಂಥ ಬಿಸಿಲಲ್ಲಿ ಬಂದೆಯೋ! ಇಲ್ಲೇ ಇದ್ದುಬಿಡು."

"ಇರ್ತೀನವ್ವಾ, ಆದರೆ ನನಗೆ..."

"ಆದರೆಗೀದರೆ ಏನೂ ಬೇಡ. ನಿನಗೇನು ಬೇಕೋ ನನಗೆ ಗೊತ್ತಿಲ್ಲವಾ?"

ಹೊಸ ಮಡಕೆ ತಂದಳು. ಒದ್ದೆ ಬಟ್ಟೆ ಹಾಸಿದಳು. ಪಕ್ಕದಲ್ಲಿ ರಾಗಿಮುದ್ದೆ, ಮಜ್ಜಿಗೆ. ಅವನನ್ನು ಒಳಗೆ ಮಲಗಿಸಿ, ಮೇಲೆ ತಟ್ಟೆ ಮುಚ್ಚಿದಳು.

ಬೆಳಿಗ್ಗೆ ತಟ್ಟೆ ತೆಗೆದು ನೋಡಿದಳು.

ಓತಿಕ್ಯಾತ ಒಣಕಟ್ಟಿಗೆಯ ಹಾಗೆ ಸೆಟೆದು ಬಿದ್ದಿದ್ದ. ಕಣ್ಣು ಮುಚ್ಚಿತ್ತು. ಗಡ್ಡ ಕಪ್ಪಾಗಿತ್ತು. ಮುದ್ದೆ ಮುಟ್ಟಿರಲಿಲ್ಲ. ಮೈ ಮುಟ್ಟಿದರೆ ಮಡಕೆಯಷ್ಟೇ ತಣ್ಣಗೆ.

"ಅಯ್ಯಯ್ಯೋ! ನನ್ನ ಮನೆಯಲ್ಲಿ! ನನ್ನ ಕೈಯಲ್ಲಿ!"

ಅಂಗಳದ ಬಂಡೆ ಗದರಿತು. "ಕಿರುಚಬೇಡ ತಂಗಿ, ಅವನನ್ನು ನನ್ನ ಮೇಲಿಡು. ನಿನ್ನ ಹೊಟ್ಟೆಯಲ್ಲಿ ಒಲೆಯಿದೆ. ಅವನ ಹೊಟ್ಟೆಯಲ್ಲಿಲ್ಲ. ಅವನ ಒಲೆ ನಾನು, ನನ್ನ ಬೆಂಕಿ ಸೂರ್ಯ."

ಮಾಳವ್ವ ದಂಗಾದಳು. ಹೊಟ್ಟೆಯಲ್ಲಿ ಒಲೆಯೇ ಇಲ್ಲದವರೂ ಇರುತ್ತಾರಾ? ಓಡಿಹೋಗಿ ಅವನನ್ನು ಬಂಡೆಯ ಮೇಲಿಟ್ಟಳು.

"ಬೆಚ್ಚಗಾಯಿತೇನೋ?" ಅಂದಳು. ಅವನು ಅಲುಗಲಿಲ್ಲ.

ಸೂರ್ಯ ಮೇಲೇರಿದ. "ಬೆಚ್ಚಗಾಯಿತೇನೋ?" ಬಾಲದ ತುದಿ ಕೊಂಚ ಮಿಸುಕಿತು.

ಸೂರ್ಯ ನೆತ್ತಿಗೆ ಬಂದ. ಕಾವು ತಾಳದೆ ಓತಿಕ್ಯಾತ ಬಾಯಿ ಆ ಎಂದು ತೆರೆದ. ಗಾಳಿ ನಕ್ಕಿತು. "ಈಗ ಸುಟ್ಟೇ ಹಾಕ್ತೀಯಾ ಮಾಳವ್ವ? ಒಲೆ ಹಚ್ಚಿದವಳಿಗೆ ಉರಿ ಇಳಿಸೋದು ಗೊತ್ತಿಲ್ಲವಾ?"

ಮಾಳವ್ವ ಮತ್ತೆ ಓಡಿದಳು, ಜಾಲಿ ಕೊಂಬೆ ತಂದಳು, ಬಂಡೆಯ ಒಂದು ಬದಿಗೆ ನೆರಳು ಕಟ್ಟಿದಳು. ಬಿಸಿಗೊಂದು ಬದಿ, ತಂಪಿಗೊಂದು ಬದಿ, ನಡುವೆ ಹತ್ತಲು ಒಂದು ಕಡ್ಡಿ.

ಓತಿಕ್ಯಾತ ಮೆಲ್ಲಗೆ ನೆರಳಿಗೆ ಸರಿದ. ಆಮೇಲೆ ಕಡ್ಡಿ ಹತ್ತಿದ. ಆಮೇಲೆ, ಹಾರಿಬಂದ ಮಿಡತೆಯನ್ನು ಲಬಕ್ಕೆಂದು ನುಂಗಿದ.

"ಛೀ, ಜೀವಂತ! ಮುದ್ದೆ ಬಿಟ್ಟು ಇದನ್ನಾ ತಿನ್ನೋದು?" ಮಾಳವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಅವನ ಗಂಟಲು ಕೆಂಪೇರುವುದನ್ನು ಕಂಡು ಅವಳಿಗೆ ಅಳು ಬಂತು.

"ಬೆಚ್ಚಗಾಯಿತೇನೋ? ನಿಜ ಹೇಳೋ, ಬೆಚ್ಚಗಿದ್ದೀಯಾ?"

ಬಾಯಿತುಂಬ ಮಿಡತೆ. ಓತಿಕ್ಯಾತ ಹೂಂ ಎಂದು ತಲೆಯಾಡಿಸಿದ. ಅವಳಿಗೆ ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಆಡಿಸಿದ. ಮನೆಯೊಳಗಿಂದ ಕೇಳಿದಳು, ಬಾವಿಕಟ್ಟೆಯಿಂದ ಕೇಳಿದಳು, ತನ್ನ ಕೊನೆಯ ದಿನದವರೆಗೂ ಕೇಳಿದಳು. ಮತ್ತೆ ಮಡಕೆಗೆ ಹಾಕಿಬಿಟ್ಟರೆ ಎಂಬ ಭಯದಲ್ಲಿ ಅವನು ಒಂದು ಸಲವೂ ಉತ್ತರ ತಪ್ಪಿಸಲಿಲ್ಲ. ಮಕ್ಕಳಿಗೂ ಕಲಿಸಿದ.

ಅದಕ್ಕೇ ಮಗೂ, ಇವತ್ತಿಗೂ ಕಾದ ಕಲ್ಲಿನ ಮೇಲೆ ಕೆಂಪು ಗಂಟಲಿನ ಓತಿಕ್ಯಾತ ನಿನ್ನನ್ನು ನೋಡಿ ತಲೆಯಾಡಿಸಿದರೆ, ಅಣಕಿಸುತ್ತಿದ್ದಾನೆಂದು ಕಲ್ಲೆತ್ತಬೇಡ. ಬೆಚ್ಚಗಿದ್ದೇನೆ, ದಯವಿಟ್ಟು ಒಳಗೆ ಕರೆಯಬೇಡ ಎನ್ನುತ್ತಿದ್ದಾನೆ.