ಪಿಳ್ಳಮ್ಮ ಸಿಪ್ಪೆ ಹಿಂದಿರುಗಿಸಿದ್ದು

ಪಿಳ್ಳಮ್ಮ ಮಾವಿನ ರಸ ತೆಗೆಯುವ ಕಾರ್ಖಾನೆಯಲ್ಲಿ ಕಸ ಗುಡಿಸುವವಳು. ಅಲ್ಲಿನ ಸಿಪ್ಪೆಯನ್ನು ದಿನಾ ತನ್ನ ಹಸುವಿಗೆ ಒಯ್ಯುತ್ತಿದ್ದಳು. "ಹಾಳು ಕಸ, ತೊಗೊಂಡು ಹೋಗು" ಎಂದು ಹೇಳಿದ್ದವನು ಯಜಮಾನ ಚೌಡರೆಡ್ಡಿಯೇ.

ಒಂದು ದಿನ ಪಟ್ಟಣದಿಂದ ಪರೀಕ್ಷೆಯ ವರದಿ ಬಂತು. ರಸಕ್ಕಿಂತ ಸಿಪ್ಪೆಯಲ್ಲೇ ಸತ್ವ ಹೆಚ್ಚಂತೆ, ನಾರೂ ಹೆಚ್ಚಂತೆ. ರೆಡ್ಡಿಗೆ ಹೊಟ್ಟೆ ಉರಿಯಿತು. ಎಲ್ಲರೆದುರು ಪಿಳ್ಳಮ್ಮನನ್ನು ಕರೆಸಿ ಗುಡುಗಿದ.

"ನೀನು ಒಯ್ದ ಸಿಪ್ಪೆಯಷ್ಟೂ ನಾಳೆ ಇಲ್ಲಿರಬೇಕು. ಇಲ್ಲಾಂದ್ರೆ ನಿನಗೆ ಕೆಲಸ ಇಲ್ಲ."

ಮಾರನೆಯ ಬೆಳಿಗ್ಗೆ ಪಿಳ್ಳಮ್ಮ ಎತ್ತಿನ ಗಾಡಿ ತುಂಬಿಸಿ, ಮೇಲೆ ಗೋಣಿತಾಟು ಹೊದಿಸಿ ತಂದಳು. ರೆಡ್ಡಿ ಕಾರ್ಖಾನೆಯ ಬಾಗಿಲಲ್ಲಿ ನಿಂತು, ಮನೆಯಿಂದ ಬಂದ ಕಾಫಿ ಕುಡಿಯುತ್ತಿದ್ದ.

"ಎಲ್ಲಾ ತಂದ್ಯಾ?"

"ಸತ್ವ ಆಗಲೇ ತಲುಪಿಸಿದ್ದೀನಿ ಸ್ವಾಮಿ. ನಿಮ್ಮನೆಗೆ ದಿನಾ ವರ್ತನೆ ಹಾಲು ಹಾಕೋದು ನಾನೇ ಅಲ್ವಾ? ಈಗೀಗ ಕೆನೆ ದಪ್ಪ ಕಟ್ತದೆ ಅಂತ ಅಮ್ಮಾವ್ರೇ ಹೊಗಳಿದ್ರು."

ರೆಡ್ಡಿ ಲೋಟದೊಳಗೆ ಇಣುಕಿ ನೋಡಿದ.

"ಮತ್ತೆ ಗಾಡಿಯಲ್ಲಿರೋದೇನು?"

ಪಿಳ್ಳಮ್ಮ ತಾಟು ಸರಿಸಿದಳು. ಗಾಡಿಯ ತುಂಬ ಸಗಣಿ.

"ಇದು ನಾರು ಸ್ವಾಮಿ. ಎಲ್ಲಿ ಸುರೀಲಿ?"

ಹಣ್ಣು ತೊಳೆಯುತ್ತಿದ್ದವರೆಲ್ಲ ಸೆರಗು ಬಾಯಿಗೆ ತುರುಕಿಕೊಂಡರು. ರೆಡ್ಡಿ ಮೂಗು ಮುಚ್ಚಿಕೊಂಡೇ ಹೇಳಿದ:

"ಗಾಡಿ ತಿರುಗಿಸು. ಇವತ್ತಿನ ಸಿಪ್ಪೇನೂ ಹಾಕ್ಕೊಂಡು ಹೋಗು. ಹಾಲು ಮಾತ್ರ ತಪ್ಪಿಸಬೇಡ."