ಐದು ತಂತಿ, ಎರಡು ಪೆಟ್ಟು

ಹೆಣ್ಣುಮಕ್ಕಳ ರಾಕ್ ತಂಡವೊಂದರಲ್ಲಿ ಗಿಟಾರ್ ಮತ್ತು ಡ್ರಮ್ ಜೀವದ ಗೆಳತಿಯರು. ಒಮ್ಮೆ ಹಾಡಿನ ನಡುವೆ ಗಿಟಾರಿನ ಸಣ್ಣ ತಂತಿ ಪಟ್ಟನೆ ಹರಿಯಿತು.

"ಮಾನ ಹೋಯಿತು ಕಣೇ, ನಿಲ್ಲಿಸಿಬಿಡೋಣ," ಎಂದಳು ಗಿಟಾರ್.

"ಇನ್ನೂ ಐದು ತಂತಿ ಇವೆಯಲ್ಲೇ! ನುಡಿಸು. ಸ್ವರ ತಪ್ಪಿದ ಕಡೆ ನಾನಿದ್ದೇನೆ," ಎಂದಳು ಡ್ರಮ್.

ಹರಿದ ತಂತಿಯ ಸ್ವರ ಬರಬೇಕಾದಲ್ಲೆಲ್ಲ ಡ್ರಮ್ಮಿನ ಎರಡು ಪೆಟ್ಟು ಬಿದ್ದವು. ಅದೇ ಹಾಡಿನ ಸೊಗಸೆಂದು ತಿಳಿದು ಜನ ಎದ್ದು ಕುಣಿದರು.

ಮರುದಿನ ಗಿಟಾರಿಗೆ ಹೊಸ ತಂತಿ ಬಂತು. ಅದೇ ಹಾಡು ಶುರುವಾಯಿತು. ಆ ಜಾಗ ಬಂದಾಗ ತಂತಿ ಮಿಡಿಯಲು ಹೊರಟಿತು, ಗಿಟಾರ್ ತಡೆದಳು.

"ಇಲ್ಲಿ ನನ್ನ ಸ್ವರವಲ್ಲವೇ?" ಎಂದಿತು ತಂತಿ.

"ಆಗಿತ್ತು. ಈಗ ಇದು ಅವಳ ಜಾಗ. ಸುಮ್ಮನಿದ್ದು ಕೇಳು, ಹೇಗೆ ಬಾರಿಸುತ್ತಾಳೆ ನನ್ನ ಗೆಳತಿ!"