ಮುಖವಿಲ್ಲದ ಕಿರುಚಿತ್ರ

“ಗುರುಗಳೇ, ನಾಡನ್ನು ಆಳಿದ ನಾಯಕ ಸತ್ತ ಮೇಲೆ ಅವನದೆಂದು ಉಳಿಯುವುದೇನು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ಮೆಣಸಿನಕಾಯಿ ವರ್ತಕನಿದ್ದ. ತೀರಿಹೋದ ನಾಯಕನ ಸ್ಮಾರಕಕ್ಕೆ ಅವನ ದೊಡ್ಡ ಗೋದಾಮು ಬೇಕೆಂದು ಊರವರು ದುಂಬಾಲು ಬಿದ್ದರು. ವರ್ತಕ ಕರಾರು ಹಾಕಿದ: “ಆತ ಬಿಟ್ಟುಹೋದದ್ದು ಏನಾದರೂ ಇದ್ದರೆ ನನಗೆ ತೋರಿಸಿ. ಕಂಡರೆ ಗೋದಾಮು ನಿಮ್ಮದು. ಕಾಣದಿದ್ದರೆ ನನ್ನ ಮೂಟೆಗಳದ್ದು.”

ಊರವರು ಹೊಸ ಬಗೆಯ ಕಿರುಚಿತ್ರ ಮಾಡುವ ಮೂವರನ್ನು ಹಿಡಿದು ತಂದರು. ವರ್ತಕನನ್ನು ಟಾಕೀಸಿನಲ್ಲಿ ಕೂರಿಸಿದರು.

ಮೊದಲನೆಯ ಚಿತ್ರದಲ್ಲಿ ಒಂದು ಖಾಲಿ ಕುರ್ಚಿ. ಅದರ ನೆರಳು ಸರಿಯುತ್ತಿತ್ತು, ಅಷ್ಟೇ. ಎರಡನೆಯದರಲ್ಲಿ ನಾಯಕನ ಭಾಷಣ. ಮಾತುಗಳನ್ನೆಲ್ಲ ತೆಗೆದು ಕೆಮ್ಮು, ಚಪ್ಪಾಳೆಗಳನ್ನಷ್ಟೇ ಉಳಿಸಿದ್ದರು. ವರ್ತಕ ಕನ್ನಡಕ ಒರೆಸಿಕೊಂಡ. ಇದರಲ್ಲಿ ಸರಕು ಯಾವುದು, ಗೋಣಿ ಯಾವುದು ಎಂದೇ ಅವನಿಗೆ ತಿಳಿಯಲಿಲ್ಲ. ಮೂರನೆಯದು ಒಬ್ಬ ಹುಡುಗಿ ಮಾಡಿದ್ದು. ಅದರಲ್ಲಿ ಬರೀ ಕಾಲುಗಳು, ಒಬ್ಬರ ಹಿಂದೆ ಒಬ್ಬರದು, ನಿಧಾನವಾಗಿ ಮುಂದೆ ಸರಿಯುತ್ತಿದ್ದವು.

“ಏನಮ್ಮಾ, ನಾಯಕರ ಮುಖವೇ ಇಲ್ಲವಲ್ಲ?”

“ಕಾಲುಗಳನ್ನು ನೋಡಿ, ಸಾಹುಕಾರ್ರೇ.”

“ಕಾಲು ನೋಡುವುದಕ್ಕೆ ನಾನೇನು ಚಪ್ಪಲಿ ಅಂಗಡಿ ಇಟ್ಟಿದ್ದೇನೆಯೇ?”

ಜನ ನಕ್ಕರು. ವರ್ತಕ ತಲೆಕೆಟ್ಟು ಹೊರಗೆ ಬಂದ. ಎದುರಿನ ಚಹಾದಂಗಡಿಯ ಮುಂದೆ ಜನ ಸಾಲುಗಟ್ಟಿದ್ದರು. ಅವನು ಹೋಗಿ ಕೊನೆಯಲ್ಲಿ ನಿಂತ. ಮುಂದಿದ್ದವನು ಅವನದೇ ಮೂಟೆ ಹೊರುವ ಹಮಾಲಿ; ಅವನೂ ಚಿತ್ರ ನೋಡಿ ಆಗಷ್ಟೇ ಹೊರಗೆ ಬಂದಿದ್ದ.

“ನೀವು ಮುಂದೆ ಹೋಗಿ, ಧಣಿ.”

“ನಿಲ್ಲಯ್ಯಾ ಸುಮ್ಮನೆ, ಮೊದಲು ಬಂದವನು ನೀನು. ಆ ಕಾಲುಗಳ ಅರ್ಥ ನಿನಗೇನಾದರೂ ಆಯಿತೇ?”

“ಇಲ್ಲ ಧಣಿ.”

“ನನಗೂ ಇಲ್ಲ.”

ಅದೇ ಅಂಗಡಿಯಲ್ಲಿ ಒಂದು ಕಾಲಕ್ಕೆ ವರ್ತಕನ ತಂದೆಗೆ ಒಳಗೆ ಬೆಳ್ಳಿ ಲೋಟ. ಹಮಾಲಿಯ ತಂದೆಗೆ ಹೊರಗೆ ತೆಂಗಿನ ಚಿಪ್ಪು, ಅದೂ ಎಲ್ಲರದೂ ಆದ ಮೇಲೆ. ಆ ನಾಯಕ ಬಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನು ಬೀದಿ ಗುಡಿಸುವವನ ಹಿಂದೆ ನಿಂತಿದ್ದ. ಅಧಿಕಾರಕ್ಕೆ ಬಂದ ಮೇಲೂ ಆ ಪೇಟೆಗೆ ಹೋದಾಗಲೆಲ್ಲ ಹಾಗೆಯೇ ನಿಂತ.

ವರ್ತಕನಿಗೆ ಇದಾವುದೂ ನೆನಪಾಗಲಿಲ್ಲ. ಸರದಿ ಬಂದಾಗ ಚಹಾ ಕುಡಿದ. “ನನಗಂತೂ ಏನೂ ಕಾಣಲಿಲ್ಲ” ಎಂದು ಊರವರಿಗೆ ಹೇಳಿ, ಗೊಣಗುತ್ತಾ ಗೋದಾಮಿನ ಕಡೆ ನಡೆದ.

“ಹಾಗಾದರೆ ನಾಯಕ ಸೋತನೇ, ಗುರುಗಳೇ?”

“ವರ್ತಕನಿಗೆ ಗೋದಾಮು ಉಳಿಯಿತು; ನಾಯಕನಿಗೆ ವರ್ತಕ ಉಳಿದ.”